ಅಳುವವಳ ಮಗು

"ನೀವು ಬೇಕಾದ್ರೆ ಬನ್ನಿ ಸಣ್ಣಸ್ವಾಮಿ. ಆ ಹೆಂಗ್ಸು ನಮ್ಮ ಅಂಗಳಕ್ಕೆ ಕಾಲಿಡುವುದು ಬೇಡ."

ಪದ್ಮಯ್ಯ ಜಗಲಿಯ ಮೆಟ್ಟಿಲಿಗೆ ಅಡ್ಡ ನಿಂತು ಹೇಳಿದರು. ಅವರ ಹಿಂದೆ ಕಂಬಕ್ಕೆ ಒರಗಿಸಿದ ಕೋವಿ ಇತ್ತು. ಅದನ್ನು ಅವರು ಮುಟ್ಟಲಿಲ್ಲ. ಒಮ್ಮೆ ಅದರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಹದಿನೆಂಟು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದವನಿಗೆ ಅಷ್ಟು ಸಾಕಿತ್ತು.

ಎರಡು ತಿಂಗಳ ಹಿಂದೆ ಇದೇ ಜಗಲಿಯಲ್ಲಿ ಇದೇ ಮನುಷ್ಯ ಕೈಯಾರೆ ಕಾಫಿ ಕೊಟ್ಟು, "ನೀವು ಹೇಳಿದ್ರೆ ನಮಗೆ ನಂಬಿಕೆ" ಎಂದಿದ್ದರು. ಈಗ ಕೂರು ಎನ್ನುವಷ್ಟು ಸೌಜನ್ಯವೂ ಇರಲಿಲ್ಲ.

"ಹನ್ನೆರಡು ದಿನದ ಬಾಣಂತಿ ಅವಳು. ನಾಪೋಕ್ಲುವಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದಿದ್ದಾಳೆ. ನೆರಳಲ್ಲಿ ಕೂರುವುದಕ್ಕಾದರೂ ಬಿಡಿ."

"ಬಾಣಂತಿ ಆದ್ರೆ ಮನೇಲಿ ಮಲಗ್ಲಿ. ಇವತ್ತು ನಮ್ಮಲ್ಲಿ ಕಾರ್ಯ ಉಂಟು."

ಕಾರ್ಯ ಏನೆಂದು ನನಗೆ ಗೊತ್ತಿತ್ತು. ಹನ್ನೆರಡು ದಿನದ ಹಿಂದೆ, ಗಂಡು ಹುಟ್ಟಿತೆಂದು ಈ ಕೋವಿಯಿಂದಲೇ ಗುಂಡು ಹಾರಿಸಿ ಸುತ್ತಿನ ಗದ್ದೆಬಯಲಿಗೆಲ್ಲ ಸಾರಿದ್ದರು. ಇವತ್ತು ಮಧ್ಯಾಹ್ನ ಕುಟುಂಬದ ಹಿರಿಯರು ಬಂದು ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರು ಕರೆಯುತ್ತಾರೆ. ಒಮ್ಮೆ ಆ ಹೆಸರು ಕರೆದರೆಂದರೆ ಮುಗಿಯಿತು, ಮಗು ಈ ಮನೆಯದು. ಆಮೇಲೆ ಇಡೀ ಕುಟುಂಬವನ್ನು ಎದುರು ಹಾಕಿಕೊಂಡು ಅದನ್ನು ಬಿಡಿಸಿ ತರುವ ಗಂಡಸು ಕೊಡಗಿನಲ್ಲಿ ಹುಟ್ಟಿಲ್ಲ, ನಮ್ಮ ಹಾಸನದ ಕಡೆಯಂತೂ ಇಲ್ಲವೇ ಇಲ್ಲ.

ಗಡಿಯಾರ ನೋಡಿದೆ. ಹನ್ನೊಂದಾಗಿತ್ತು.

ಗೇಟಿನ ಹೊರಗೆ ಲಿಂಗಮ್ಮ ನಿಂತಿದ್ದಳು. ಮಡಿಲಲ್ಲಿ ಕೂಸಿಲ್ಲದಿದ್ದರೂ ತಲೆಗೆ, ಕಿವಿಗೆ ಬಾಣಂತಿಯ ಬಟ್ಟೆ. ಕುಶಾಲನಗರದಿಂದ ಹೊರಡುವಾಗ ಅವಳ ತಾಯಿ ನಿಂಗಮ್ಮ ಅಳುತ್ತ ಕಟ್ಟಿ ಕಳಿಸಿದ್ದು. ಗಂಡ ಹಾರಂಗಿ ಹೊಳೆಯಲ್ಲಿ ಮುಳುಗಿ ಹೋಗಿ ಆರು ತಿಂಗಳು. ಅವನದೆಂದು ಉಳಿದಿದ್ದು ಹೊಟ್ಟೆಯಲ್ಲಿದ್ದ ಒಂದು ಜೀವ. ಅದೂ ಸತ್ತೇ ಹುಟ್ಟಿತೆಂದು, ಹೆರಿಗೆಗೆ ಸೇರಿಸಿದ್ದ ವಿರಾಜಪೇಟೆಯ ಮಾತೃಪ್ರಸಾದ ಮಂದಿರದವರು ಹೇಳಿ, ಮುಖವನ್ನೂ ತೋರಿಸದೆ ಕಳಿಸಿದ್ದರು.

ಆ ಮಗುವೇ ಈ ಮನೆಯ ತೊಟ್ಟಿಲಲ್ಲಿದೆ ಎಂಬ ನನ್ನ ಅನುಮಾನವನ್ನು ಲಿಂಗಮ್ಮನಿಗೆ ನಾನು ಹೇಳಿರಲಿಲ್ಲ. "ಮಂದಿರದ ಪ್ರೇಮಾವತಿ ಅಲ್ಲಿಗೆ ಬಂದಿರ್ತಾಳೆ, ಅವತ್ತು ನಡೆದದ್ದನ್ನು ಅವಳೆದುರು ಹೇಳು" ಎಂದಷ್ಟೇ ಕರೆತಂದಿದ್ದೆ. ಮಗು ಬದುಕಿದೆ ಅಂತ ಆಸೆ ಹುಟ್ಟಿಸಿ, ಸುಳ್ಳಾದರೆ, ಅವಳನ್ನು ಇನ್ನೊಂದು ಸಲ ಕೊಂದಂತೆ.

ಒಳಗಿನಿಂದ ಪದ್ಮಯ್ಯನ ತಾಯಿಯ ದನಿ ಕೇಳಿತು. "ಬಿಸಿನೀರ್ ಉಟ್ಟಾ?"

"ಉಟ್ಟು, ಉಟ್ಟು" ಎಂದು ಯಾರೋ ಅಡಿಗೆಮನೆಯಿಂದ ಕೂಗಿದರು.

ಸೀರೆ ಉಡುವುದನ್ನು ಬಲ್ಲೆ, ಪಂಚೆ ಉಡುವುದನ್ನು ಬಲ್ಲೆ, ನೀರು ಉಡುವವರನ್ನು ಕಂಡಿಲ್ಲ ಎಂದು ಮನಸ್ಸಿನಲ್ಲೇ ನಕ್ಕು ಸುಮ್ಮನಾದೆ. ಈ ಗೌಡರು ಪರಸ್ಪರ ಆಡುವ ಅರೆಭಾಷೆ ನನಗೆ ಅರ್ಧವೂ ತಿಳಿಯುವುದಿಲ್ಲ. ನಮ್ಮಂಥವರೊಡನೆ ಅವರು ಪೇಟೆಯ ಕನ್ನಡವನ್ನೇ ಆಡುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕು ವರ್ಷವಾದರೂ ಅವರ ಪಾಲಿಗೆ ನಾವು ಮೈಸೂರಿನವರೇ. ಕಲಿಯಲು ನಾನೂ ಮೈಬಗ್ಗಿಸಲಿಲ್ಲ.

"ನಿಮ್ಮ ಕೆಲಸ ಮುಗ್ದಿದೆ" ಎಂದರು ಪದ್ಮಯ್ಯ. "ಮಂದಿರ ನಂಬ್‌ಬಹುದಾ ಅಂತ ಕೇಳಿದ್ದೆ. ನಂಬಬಹುದು ಅಂತ ಬರ್ದು ಕೊಟ್ರಿ. ಮತ್ತೆ ಯಾಕೆ ಬಂದದ್ದು?"

ಹಾಗೆ ಬರೆದುಕೊಟ್ಟದ್ದಕ್ಕೇ ಬಂದಿದ್ದೆ.

ಮದುವೆಯಾಗಿ ಒಂಬತ್ತು ವರ್ಷ, ಪದ್ಮಯ್ಯ ಮತ್ತು ಪೂವಮ್ಮನಿಗೆ ಮಕ್ಕಳಿರಲಿಲ್ಲ. ಪರರಿಗಾಗಿ ಹೆತ್ತುಕೊಡಲು ಒಪ್ಪಿದ ಹೆಂಗಸರನ್ನು ಹುಡುಕಿಕೊಡುವ ಮಂದಿರಗಳಿವೆ ಎಂದು ಯಾರೋ ಕಿವಿಯಲ್ಲಿ ಊದಿದರು. ಮೈಸೂರಿನಲ್ಲಿ ಒಂದಂತೆ, ಮಂಗಳೂರಿನಲ್ಲಿ ಒಂದಂತೆ, ವಿರಾಜಪೇಟೆಯಲ್ಲಿ ಇದು. ಹೆಂಡತಿ ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಒಂದು ತಿಂಗಳು ಅಲ್ಲಿ ಹೋಗಿ ಇದ್ದರೆ, ಮಗುವಿನೊಡನೆ ಮನೆಗೆ ಬರಬಹುದು. ಊರಿಗೆ ಗುಟ್ಟು ತಿಳಿಯುವುದಿಲ್ಲ. ಯಾವುದನ್ನು ನಂಬುವುದೆಂದು ತಿಳಿಯದೆ ಅವರು, ಠಾಣೆ ಬಿಟ್ಟ ಮೇಲೆ ಕುಶಾಲನಗರದಲ್ಲಿ ಇಂಥ ಪತ್ತೆಕೆಲಸ ಮಾಡಿಕೊಡುತ್ತಿದ್ದ ನನ್ನನ್ನು ಕರೆಸಿದ್ದರು.

ಪೂವಮ್ಮ ಅವತ್ತು ಒಂದೇ ಮಾತು ಹೇಳಿದ್ದರು. "ಮಂದಿರ ದೊಡ್ಡದಾ ಚಿಕ್ಕದಾ, ಅದು ನಂಗೆ ಬೇಡ. ಹೆತ್ತವಳು ಮನಸಾರೆ ಕೊಡ್ತಾಳಾ, ಅದು ನೋಡಿ. ಅಳುವವಳ ಮಗು ನಂಗೆ ಬೇಡ."

ಆ ಮಾತಿಗೆ ನಾನು ಕರಗಿಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ನಾನು ಹೋಗಿ ನೋಡಿದೆ. ಶುಭ್ರವಾದ ಹಾಸಿಗೆ, ಸುಣ್ಣ ಬಳಿದ ಗೋಡೆ. ಪಾಲಿಬೆಟ್ಟದ ಎಸ್ಟೇಟಿನ ಕೂಲಿ ಲೈನಿನಲ್ಲಿದ್ದ ರುದ್ರಮ್ಮನನ್ನು ಭೇಟಿ ಮಾಡಿಸಿದರು. ತುಂಬಿದ ಹೊಟ್ಟೆ. "ಮನೇಲಿ ನಾಕು ಅವೆ ಸ್ವಾಮಿ, ಇದು ಅವ್ರಿಗಿರ್ಲಿ" ಎಂದಳು. ನಾನು ದುಂಡಗಿನ ಅಕ್ಷರದಲ್ಲಿ "ನಂಬಬಹುದು" ಎಂದು ಬರೆದು ಕೆಳಗೆ ಗೆರೆಯನ್ನೂ ಎಳೆದೆ. ಆ ಗೆರೆ ಈಗ ನನ್ನ ಕತ್ತಿಗೆ ಸುತ್ತಿಕೊಂಡಿತ್ತು.

"ಸಣ್ಣಸ್ವಾಮಿಯವರು! ಊಟದ ಹೊತ್ತಿಗೆ ಸರಿಯಾಗಿ ಬಂದ್ರಲ್ಲ!"

ಬಾಗಿಲಲ್ಲಿ ಪ್ರೇಮಾವತಿ ಕಾಣಿಸಿಕೊಂಡಳು. ಮಂದಿರದ ಒಡತಿ. ಬಿಳಿ ಸೀರೆ, ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸಿದ ಗಡಿಯಾರ. ನಗುವಾಗಲೂ ಅವಳ ಕಣ್ಣು ಗೇಟಿನ ಬಳಿಯ ಲಿಂಗಮ್ಮನನ್ನು ಅಳೆಯುತ್ತಿತ್ತು.

"ಈ ಮಗುವನ್ನು ಹೆತ್ತವಳು ಯಾರು?" ಎಂದು ನೇರವಾಗಿ ಕೇಳಿದೆ.

"ನೀವೇ ನೋಡಿದ್ದೀರಲ್ಲ. ರುದ್ರಮ್ಮ."

"ನಿನ್ನೆ ಪಾಲಿಬೆಟ್ಟಕ್ಕೆ ಹೋಗಿದ್ದೆ. ರುದ್ರಮ್ಮನ ಮಡಿಲಲ್ಲಿ ಹೆಣ್ಣು ಕೂಸಿದೆ. ಇಲ್ಲಿ ಗುಂಡು ಹಾರುವುದಕ್ಕೆ ಎರಡು ದಿನ ಮೊದಲು, ಭಾನುವಾರ ಹೆತ್ತಳಂತೆ. ಮುಖ ನೋಡಿದ ಮೇಲೆ ಕೊಡೋಕೆ ಮನಸ್ಸಾಗಲಿಲ್ಲ ಅಂದಳು."

ಪದ್ಮಯ್ಯ ತಟ್ಟನೆ ಪ್ರೇಮಾವತಿಯ ಕಡೆ ತಿರುಗಿದರು. ಈ ಸುದ್ದಿ ಅವರಿಗೆ ಹೊಸದು.

ಪ್ರೇಮಾವತಿಯ ರೆಪ್ಪೆಯೂ ಅಲುಗಲಿಲ್ಲ. "ಹೌದು, ಅವಳು ಮಾತಿಗೆ ತಪ್ಪಿದಳು. ಇನ್ನೊಬ್ಬಳು ಒಪ್ಪಿದಳು. ಪೂವಮ್ಮನಿಗೆ ಸುಮ್ಮನೆ ಗಾಬರಿ ಯಾಕೆ ಅಂತ ಹೇಳಲಿಲ್ಲ."

"ಆ ಇನ್ನೊಬ್ಬಳ ಹೆಸರು?"

"ಹೇಳುವ ಹಾಗಿಲ್ಲ. ಅದು ಮಂದಿರದ ನಿಯಮ."

"ರುದ್ರಮ್ಮನನ್ನು ನನ್ನೆದುರು ನಿಲ್ಲಿಸುವಾಗ ನಿಯಮ ಎಲ್ಲಿ ಹೋಗಿತ್ತು? ಹೋಗಲಿ, ಸೋಮವಾರ ಸಂಜೆ ಮಲ್ಲಿಗೆ ತರಿಸಿದಿರಲ್ಲ, ಅದು ಯಾವ ದೇವರಿಗೆ?"

ಈ ಮಲ್ಲಿಗೆಯ ಸುಳಿವು ಸಿಕ್ಕಿದ್ದು ಗುರುವಾರ, ವಿರಾಜಪೇಟೆಯ ಸಂತೆಬೀದಿಯಲ್ಲಿ. ಹೂ ಮಾರುವ ಮಹಾದೇವಮ್ಮ ಪಿರಿಯಾಪಟ್ಟಣದ ಕಡೆಯವಳು, ನಮ್ಮ ಮಾತಿನವಳು. ಮಂದಿರದವರು ದೇವರಿಗೆ ಸೇವಂತಿಗೆ ಒಯ್ಯುತ್ತಾರೆ. ಮಲ್ಲಿಗೆ ಕೇಳಿದರೆಂದರೆ ಯಾರದೋ ಮಡಿಲು ಬರಿದಾಯಿತು ಎಂದೇ ಅರ್ಥ. ಹಾಲು ಬತ್ತಲೆಂದು ಬಾಣಂತಿಯ ಎದೆಗೆ ಮಲ್ಲಿಗೆ ಕಟ್ಟುತ್ತಾರೆ. "ಈ ಸಲ ಸೋಮವಾರ ಸಂಜೆಗೇ ತಗಂಡೋದ್ರು ಕಣಣ್ಣ" ಎಂದಿದ್ದಳು ಅವಳು.

"ಲಿಂಗಮ್ಮ ಹೆತ್ತದ್ದು ಮಂಗಳವಾರ ಬೆಳಗಿನ ಜಾವ" ಎಂದೆ. "ಹಾಲು ಬತ್ತಿಸುವ ಹೂವು ಹಿಂದಿನ ದಿನವೇ ಬಂದಿತ್ತು. ಮಗು ಸಾಯುತ್ತದೆ ಅಂತ ನಿಮಗೆ ಮೊದಲೇ ಯಾರು ಹೇಳಿದರು?"

ಗೆದ್ದೆ ಎಂದುಕೊಂಡೆ.

ಪ್ರೇಮಾವತಿ ನಿಟ್ಟುಸಿರು ಬಿಟ್ಟಳು, ದಡ್ಡ ಹುಡುಗನಿಗೆ ಮಗ್ಗಿ ಹೇಳಿಕೊಡುವವಳ ಹಾಗೆ. "ರುದ್ರಮ್ಮ ಭಾನುವಾರ ಹೆತ್ತಳು ಅಂತ ಈಗ ನೀವೇ ಹೇಳಿದಿರಿ. ಮಗು ಕೊಡಬೇಕಾಗಿದ್ದವಳು ಅವಳು. ಹಾಲು ಬತ್ತಿಸಬೇಕಾಗಿದ್ದೂ ಅವಳಿಗೇ. ಹೂ ಬರುವ ಹೊತ್ತಿಗೆ ಅವಳ ಮನಸ್ಸು ಬದಲಾಗಿತ್ತು. ಉಳಿದ ಹೂವು ಮರುದಿನ ಈ ನತದೃಷ್ಟೆಗೆ ಬಂತು. ಇದರಲ್ಲಿ ಪತ್ತೆ ಮಾಡುವುದೇನಿದೆ?"

ಮೂರು ದಿನ ಜೋಪಾನ ಮಾಡಿ ತಂದ ನನ್ನ ಮಲ್ಲಿಗೆ ಅಲ್ಲೇ ಬಾಡಿತು.

"ಸಾಕಾ?" ಪದ್ಮಯ್ಯನ ದನಿ ಏರಿತು. "ಮೈಸೂರಿನವರು ಬಂದು ನಮ್ಮ ಜಗಲಿಯಲ್ಲಿ ನಿಂತು ನಮ್ಮ ಮಗುವನ್ನು ಕದ್ದ ಮಾಲು ಅನ್ನುವುದಾ? ಹೊರಡಿ! ನೆಂಟರು ಬರುವ ಮೊದ್ಲು ಹೊರಡಿ!"

"ನಿಮ್ಮ ನರ್ಸ್ ಕಮಲ ಎಲ್ಲಿ?" ಪ್ರೇಮಾವತಿಯನ್ನು ಕೇಳಿದೆ.

"ಕೆಲಸ ಬಿಟ್ಟಳು. ಕಣ್ಣೂರಿನ ಬಸ್ಸು ಹತ್ತಿದಳು ಅಂತ ಕೇಳಿದೆ."

"ಹೋಗುವ ಮೊದಲು ಅವಳು ಲಿಂಗಮ್ಮನ ಬಟ್ಟೆಗಂಟಿನಲ್ಲಿ ಒಂದು ಚೀಟಿ ಇಟ್ಟಿದ್ದಳು."

ಜೇಬಿನಿಂದ ಚೀಟಿ ತೆಗೆದೆ. ಮೊದಲ ಸಲ ಆ ಹೆಂಗಸಿನ ನಗು ಕೆಟ್ಟಿತು. ಕೈ ಚಾಚಿದಳು. ನಾನು ಕೊಡಲಿಲ್ಲ.

"ಏನು ಬರೆದಿದ್ದಾಳೆ?"

"ಅದು ಆಮೇಲೆ."

"ಮಗುವಿಗೆ ಸ್ನಾನ ಆಗಬೇಕು, ನಿಮ್ಮ ಜೊತೆ ಹರಟುವುದಕ್ಕೆ ನನಗೆ ಹೊತ್ತಿಲ್ಲ" ಎಂದವಳೇ ಸರಸರ ಒಳಗೆ ಹೋದಳು. ಅಷ್ಟು ಬೇಗ ಹೋಗುವವಳಲ್ಲ ಅವಳು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ನಿಜ ಹೇಳಬೇಕೆಂದರೆ ಆ ಚೀಟಿಯ ಮೇಲೆ ನನಗೂ ಭರವಸೆ ಇರಲಿಲ್ಲ. ಅದರಲ್ಲಿದ್ದದ್ದು ಮೂರೇ ಪದ. "ಮಗು ಉಟ್ಟು. ಅಳಬೇಡ."

ಆರು ದಿನದ ಹಿಂದೆ ನಿಂಗಮ್ಮ ಅದನ್ನು ಓದಿಸಲು ತಂದಾಗ ನನಗೆ ನಗು ಬಂದಿತ್ತು. ನಮ್ಮ ಕಡೆ ಹಕಾರ ಬಾಯಿಗೆ ಹತ್ತುವುದಿಲ್ಲ. ಹಾಲು ಆಲು, ಹೂವು ಊವು, ಹುಟ್ತು ಉಟ್ತು. ಈ ನರ್ಸೂ ಅದನ್ನೇ ಕಾಗದಕ್ಕೆ ಇಳಿಸಿದ್ದಾಳೆ, ಮೇಲೆ ಒತ್ತಕ್ಷರವೂ ತಪ್ಪು ಎಂದು, ಠಾಣೆಯ ಹಳೇ ಚಾಳಿಯಂತೆ ಕೆಂಪು ಪೆನ್ಸಿಲಿನಲ್ಲಿ ತಿದ್ದಿ "ಹುಟ್ತು" ಎಂದು ಮಾಡಿದ್ದೆ. "ಮಗು ಹುಟ್ತು, ಅಳಬೇಡ ಅಂತ ಬರೆದಿದ್ದಾಳೆ ಕಣಮ್ಮ, ಸಮಾಧಾನಕ್ಕೆ" ಎಂದು ಓದಿ ಕಳಿಸಿದ್ದೆ. ಅದನ್ನು ಕೇಳಿ ಲಿಂಗಮ್ಮ ಮತ್ತೂ ಅತ್ತಳಂತೆ.

"ಕೊಡಿ. ನಾನು ಓದ್ತೇನೆ."

ಪೂವಮ್ಮ ಹೊಸಿಲು ದಾಟಿ ಬಂದಿದ್ದರು. ಹೊಸ ಸೀರೆ, ತಲೆತುಂಬ ಹೂವು, ಕೈಯಲ್ಲಿ ಮಗುವಿನ ಹಾಲಿನ ಬಾಟಲಿ. ಇಷ್ಟು ಹೊತ್ತು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು.

"ಕಮಲನ ಅಕ್ಷರ ನಂಗೆ ಗೊತ್ತುಂಟು" ಎಂದರು. "ಮಂದಿರದಲ್ಲಿ ಒಂದು ತಿಂಗಳು ನನ್ನನ್ನು ನೋಡಿಕೊಂಡದ್ದು ಅವಳೇ. ಭಾಗಮಂಡಲದವಳು, ನಮ್ಮವಳೇ."

ನಮ್ಮವಳು! ಕಮಲ ಅರೆಭಾಷೆಯವಳು ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ. ಏನೋ ಒಂದು ಮನಸ್ಸಿನಲ್ಲಿ ಅಲುಗಾಡಿತು, ಕೈಗೆ ಸಿಗಲಿಲ್ಲ.

ಚೀಟಿ ಕೊಟ್ಟೆ.

ಪೂವಮ್ಮ ಓದಿದರು. ಮೂರು ಪದ ಓದಲು ಅಷ್ಟು ಹೊತ್ತು ಬೇಕಾಗಿಲ್ಲ. ಅವರ ತುಟಿಗಳು ಅಲುಗಿದವು. ತಲೆಯೆತ್ತಿ ಗೇಟಿನಾಚೆ ಲಿಂಗಮ್ಮನನ್ನು ನೋಡಿದರು. ಕಿವಿಗೆ ಕಟ್ಟಿದ ಆ ಬಟ್ಟೆಯನ್ನು, ಬರಿದಾದ ಆ ಕೈಗಳನ್ನು ನೋಡಿದರು. ಮತ್ತೆ ಚೀಟಿ ನೋಡಿದರು.

"ಈ ಕೆಂಪಿನಲ್ಲಿ ತಿದ್ದಿದ್ದು ಯಾರು?"

"ನಾನು."

"ಸರಿಯಾಗೇ ತಿದ್ದಿದ್ದೀರಿ." ಪೇಟೆಯ ಕನ್ನಡ ಅಲ್ಲಿಗೇ ಕೈಕೊಟ್ಟಿತು. "ಮಗು ಹುಟ್ಟಿತ್ ಅಂತ ಬರ್ದುಟ್ಟು. ಅಷ್ಟೇ ಉಟ್ಟು. ಬೇರೆ ಎಂಥದೂ ಇಲ್ಲೆ."

ಬರ್ದುಟ್ಟು. ಅಷ್ಟೇ ಉಟ್ಟು.

ಒಳಗಿನ ಬಿಸಿನೀರು ನೆನಪಾಯಿತು. ನೀರು ಉಟ್ಟಾ ಅಂದರೆ ನೀರು ಇದೆಯಾ ಎಂದು. ಬರ್ದುಟ್ಟು ಅಂದರೆ ಬರೆದಿದೆ ಎಂದು. ಅಷ್ಟೇ ಉಟ್ಟು ಅಂದರೆ ಅಷ್ಟೇ ಇದೆ ಎಂದು. ಕಮಲ ಒಂದಕ್ಷರವನ್ನೂ ತಪ್ಪು ಬರೆದಿರಲಿಲ್ಲ. ತನ್ನ ಮನೆಮಾತಿನಲ್ಲಿ ಸ್ಪಷ್ಟವಾಗಿ ಬರೆದಿದ್ದಳು. ಮಗು ಇದೆ, ಅಳಬೇಡ ಎಂದು.

ಬದುಕಿದ್ದ ಮಗುವನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಸಾಯಿಸಿದವನು ನಾನು. ಆರು ದಿನ! ಆರು ದಿನ ಆ ಹೆಣ್ಣು ಸುಮ್ಮನೆ ಅತ್ತಳು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

"ಪೂವಮ್ಮನವರೇ, ಉಟ್ಟು ಅಂದರೇನು?"

ಅವರ ಕೈ ಬಾಯಿಗೆ ಹೋಯಿತು. ತನ್ನ ಮಾತೇ ತನ್ನನ್ನು ಹಿಡಿದುಕೊಟ್ಟಿತೆಂದು ಅವರಿಗೆ ಆಗ ತಿಳಿಯಿತು.

"ಅಳುವವಳ ಮಗು ಬೇಡ ಅಂದಿದ್ದಿರಿ."

"ಒಂಬತ್ತು ವರ್ಷ ನಾ ಅತ್ತದ್ದನ್ನ ಯಾರ್ ಕೇಳ್ದ?" ಪೂವಮ್ಮ ಸಿಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಬರೀ ಕೋಪ. "ಹನ್ನೆರಡು ದಿನ ಅದಕ್ಕೆ ಹಾಲು ಕುಡಿಸಿದವಳು ನಾನು. ನನ್ನ ಬೆರಳು ಹಿಡ್ದುಕೊಂಡು ಮಲಗ್ತದೆ ಅದು. ನಂಬಬಹುದು ಅಂತ ಬರ್ದು ಕೊಟ್ಟದ್ದು ನೀವು. ಗೆರೆ ಎಳೆದು ಕೊಟ್ಟದ್ದು ನೀವು. ಈಗ ನನ್ನ ತೊಟ್ಟಿಲು ಬರಿದು ಮಾಡ್ಲಿಕ್ಕೆ ಬಂದದ್ದೂ ನೀವೇ!"

ಚೀಟಿಗಾಗಿ ಕೈ ಚಾಚಿದೆ.

ಪದ್ಮಯ್ಯ ಹೆಂಡತಿಯ ಕೈಯಿಂದ ಚೀಟಿ ಕಿತ್ತುಕೊಂಡರು. ಅವರಿಗೆ ಅದನ್ನು ಓದಲು ಒಂದು ಗಳಿಗೆ ಸಾಕಾಯಿತು. ಕೋವಿ ಒರಗಿಸಿದ್ದ ಕಂಬ ಹಿಡಿದು ಮೆಟ್ಟಿಲ ಮೇಲೆ ಕುಳಿತರು.

ಕೆಳಗಿನ ಗದ್ದೆಯ ಬದುವಿನಿಂದ ನೆಂಟರ ಮಾತು, ನಗು ಕ್ಷೀಣವಾಗಿ ಕೇಳಲಾರಂಭಿಸಿತು.

"ಏನಣ್ಣ ಅದು?" ಗೇಟಿನಿಂದ ಲಿಂಗಮ್ಮ ಕೂಗಿದಳು. ಅವಳ ಕಿವಿಗೆ ಬಿದ್ದದ್ದು ಒಂದೇ ಪದ, ಅದನ್ನೂ ಅವಳು ನಮ್ಮೂರಿನ ಕಿವಿಯಲ್ಲೇ ಕೇಳಿದ್ದಳು. "ಉಟ್ತು ಉಟ್ತು ಅಂತ ಅದ್ನೇ ಯಾಕೆ ಆಡ್ತಿದೀರಿ? ಉಟ್ಟಿದ್ದು ನಂಗೊತ್ತಿಲ್ವಾ? ಎತ್ತೋಳು ನಾನೇ ಅಲ್ವಾ?"

ಪೂವಮ್ಮ ನನ್ನನ್ನೇ ನೋಡುತ್ತಿದ್ದರು. ಹೇಳಬೇಡ ಎಂದು ಬಾಯಿ ಬಿಟ್ಟು ಕೇಳಲಿಲ್ಲ. ಆದರೆ ಆ ಕಣ್ಣುಗಳನ್ನು ನಾನು ಸಾಯುವವರೆಗೆ ಮರೆಯಲಾರೆ.

ನಾನು ಗೇಟಿನ ಕಡೆ ತಿರುಗಿದೆ.

"ಲಿಂಗಮ್ಮ, ನಾನು ತಪ್ಪು ಓದಿದೆ ಕಣವ್ವ. ಈ ಕಡೆಯವರು ಉಟ್ಟು ಅಂದರೆ ಹುಟ್ತು ಅಂತಲ್ಲ. ಐತೆ ಅಂತ. ಮಗು ಐತೆ ಅಂತ ಬರೆದಿದ್ದಾಳೆ."

ಅವಳು ಕದಲಲಿಲ್ಲ.

"ಐತಾ?"

"ಐತೆ. ಈ ಮನೆಯೊಳಗೇ ಐತೆ."

ಲಿಂಗಮ್ಮ ಗೇಟು ತಳ್ಳಿದಳು. ಅಂಗಳಕ್ಕೆ ಕಾಲಿಟ್ಟಳು. ಯಾರೂ ತಡೆಯಲಿಲ್ಲ. ಮೆಟ್ಟಿಲ ಮೇಲೆ ಕುಳಿತಿದ್ದ ಪದ್ಮಯ್ಯ ಕಾಲು ಮಡಚಿ ದಾರಿ ಬಿಟ್ಟರು. ಪೂವಮ್ಮ ಮಾತ್ರ ಎರಡೂ ಕೈಗಳನ್ನು ಚಾಚಿ ಬಾಗಿಲಿಗೆ ಅಡ್ಡ ನಿಂತರು. ಇಬ್ಬರು ಹೆಂಗಸರು ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಎದುರುಬದುರು ನಿಂತರು.

ಆಗ ಮನೆಯ ಹಿಂಬದಿಯಲ್ಲಿ, ಕಾಫಿ ಒಣಗಿಸುವ ಕಣದ ಕಡೆ, ಜೀಪೊಂದು ಕೆಮ್ಮಿ ಹೊರಟ ಸದ್ದು ಕೇಳಿತು.

ಪ್ರೇಮಾವತಿಯ ಜೀಪು.

ಪೂವಮ್ಮನ ಕೈಗಳು ಕೆಳಗೆ ಬಿದ್ದವು. ಹಾಲಿನ ಬಾಟಲಿ ಜಗಲಿಯ ಮೇಲೆ ಒಡೆಯಿತು. ಅವರು ಒಳಗೆ ಓಡಿದರು, ಲಿಂಗಮ್ಮ ಅವರ ಬೆನ್ನಿಗೇ ಓಡಿದಳು. ನಾನು ಹೊಸಿಲು ದಾಟುವಷ್ಟರಲ್ಲಿ ಒಳಕೋಣೆಯಿಂದ ಪೂವಮ್ಮನ ಚೀರಾಟ ಇಡೀ ಮನೆಯನ್ನು ನಡುಗಿಸಿತು.

"ಇಲ್ಲೆ! ಮಗು ಇಲ್ಲೆ!"

ಲಿಂಗಮ್ಮ ಬರಿದಾದ ತೊಟ್ಟಿಲಿನ ಅಂಚು ಹಿಡಿದು ನಿಂತಿದ್ದಳು. ಈ ಸಲ ಅವಳಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.